ಹೊಸ ಕೀಲಿನ ಮೂವತ್ತು ವರ್ಷ

ಸೊಂಟದ ಕೀಲು ಬದಲಿಸಿಕೊಳ್ಳುವುದು ಎಪ್ಪತ್ತು ದಾಟಿದವರ ಮಾತು ಎಂಬ ಭಾವನೆ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ಯುರೋಪು, ಅಮೆರಿಕದ ಮಟ್ಟಿಗೆ ಅದು ವಯಸ್ಸಾದವರ ಮಾತು ಎಂಬುದು ಬಹುಪಾಲು ನಿಜ. ಅಲ್ಲಿ ಕೀಲು ಸವೆಯುವುದು ವಯಸ್ಸಿನಿಂದ. ನಮ್ಮ ದೇಶದ ಲೆಕ್ಕ ಬೇರೆಯೇ ಇದೆ. ಭಾರತದ ಸೊಂಟ ಮತ್ತು ಮೊಣಕಾಲು ಶಸ್ತ್ರವೈದ್ಯರ ಸಂಘ 2006ರಿಂದ 2012ರವರೆಗೆ ಕಲೆಹಾಕಿದ ನೋಂದಣಿಯಲ್ಲಿ 3,604 ಸೊಂಟದ ಕೀಲುಗಳ ವಿವರವಿತ್ತು. ಅವುಗಳಲ್ಲಿ ಶೇ 49ರಷ್ಟು ಬದಲಾಗಿದ್ದು ಒಂದೇ ಕಾರಣಕ್ಕೆ: ರಕ್ತ ಸಿಗದೆ ತೊಡೆಯೆಲುಬಿನ ತಲೆ ಸತ್ತುಹೋಗಿತ್ತು. ವೈದ್ಯರು ಇದನ್ನು ಎವಿಎನ್ ಎನ್ನುತ್ತಾರೆ. ಸಾಮಾನ್ಯವಾಗಿ ಬರುವ ವಯಸ್ಸು ಮೂವತ್ತರಿಂದ ಐವತ್ತು. ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚು.

ಬೀದರ್, ಭಾಲ್ಕಿ, ಔರಾದ್‌ನಲ್ಲಿ ಈ ವಯಸ್ಸಿನವರೆಂದರೆ ಮನೆಯ ಭಾರವನ್ನೆಲ್ಲ ಹೊತ್ತವರು. ಸೋಯಾ ಕೊಯ್ಯುವವರು, ಕಬ್ಬು ಕಡಿದು ಲಾರಿಗೆ ಏರಿಸುವವರು, ಟಂಟಂ ಓಡಿಸುವವರು, ಗಾರೆ ಕೆಲಸದವರು. ಬೀದರ್‌ನ ಹಳೆ ಪಟ್ಟಣದಲ್ಲಿ ಬಿದರಿ ಕೆತ್ತುವವರು ಇಡೀ ದಿನ ನೆಲದ ಮೇಲೆ ಕೂತು, ಹೂಜಿಯನ್ನೋ ತಟ್ಟೆಯನ್ನೋ ಕಾಲಿನಿಂದ ಒತ್ತಿ ಹಿಡಿದು, ಉಳಿ ಹೊಡೆದು ಬೆಳ್ಳಿ ತಂತಿ ಕೂರಿಸುತ್ತಾರೆ. ಇವರಿಗೆಲ್ಲ ಸೊಂಟದ ಕೀಲೇ ದುಡಿಮೆಯ ಮೊದಲ ಹತಾರ.

ಎಲುಬು ಸಾಯುವುದು ಹೇಗೆ ಎಂಬುದನ್ನು ಬೀದರ್‌ನವರಿಗೆ ನೌಬಾದ್‌ನ ಸುರಂಗ ಬಾವಿ ತೋರಿಸಿ ವಿವರಿಸಬಹುದು. ಬಹಮನಿಗಳ ಕಾಲದ ಆ ಕರೇಜ್‌ನಲ್ಲಿ ನೀರು ಹರಿಯುವುದು ನೆಲದಡಿಯ ಕಾಲುವೆಯಲ್ಲಿ. ಅಲ್ಲಿ ಹೂಳು ತುಂಬಿದರೂ ಮೇಲಿನ ಬಾವಿಯ ಕಟ್ಟೆ ಬಹಳ ದಿನ ಹಾಗೆಯೇ ನಿಂತಿರುತ್ತದೆ, ನೀರು ಮಾತ್ರ ನಿಂತುಹೋಗಿರುತ್ತದೆ. ತೊಡೆಯೆಲುಬಿನ ತಲೆಗೆ ರಕ್ತ ಒಯ್ಯುವ ಮುಖ್ಯ ನಾಳವೂ ಎಲುಬಿನ ಕತ್ತಿನ ಹಿಂಬದಿಯಿಂದ ಸಣ್ಣ ಕವಲುಗಳಾಗಿ ಮೇಲೇರುತ್ತದೆ. ಅದು ಕಟ್ಟಿದರೆ ಬದಲಿ ದಾರಿ ಇಲ್ಲವೆನ್ನುವಷ್ಟು ಕಡಿಮೆ. ತಲೆ ಒಳಗೊಳಗೇ ಸತ್ತಿದ್ದರೂ ಕೆಲವು ತಿಂಗಳು ದುಂಡಗೇ ಉಳಿಯುತ್ತದೆ. ಆಮೇಲೊಂದು ದಿನ ಮೈಭಾರಕ್ಕೆ ಕುಸಿಯುತ್ತದೆ.

ಬೈಕಿನಿಂದ ಬಿದ್ದು ಎಲುಬಿನ ಕತ್ತು ಮುರಿದರೆ, ಕೀಲು ಜಾರಿದರೆ ನಾಳ ಹರಿಯುತ್ತದೆ. ಪೆಟ್ಟಿಲ್ಲದೆ ಬರುವ ಎವಿಎನ್‌ಗೆ ಎರಡು ದೊಡ್ಡ ಕಾರಣ: ಸ್ಟೆರಾಯ್ಡ್ ಮತ್ತು ಮದ್ಯ. ಕುಡಗೋಲು ಕಣ ರೋಗ, ಲೂಪಸ್‌ನಂಥ ಕಾಯಿಲೆಗಳೂ ಇವೆ. ಕೆಲವರಲ್ಲಿ ಕಾರಣವೇ ಸಿಗುವುದಿಲ್ಲ. ಮದ್ಯದ ಬಗ್ಗೆ ಜಪಾನಿನಲ್ಲಿ 1988ರಲ್ಲಿ ಪ್ರಕಟವಾದ ಅಧ್ಯಯನ ಒಂದು ಅಂದಾಜು ಕೊಡುತ್ತದೆ. ವಾರಕ್ಕೆ 400 ಮಿಲಿಲೀಟರ್‌ನಿಂದ ಒಂದು ಲೀಟರ್‌ವರೆಗೆ ಶುದ್ಧ ಆಲ್ಕೋಹಾಲ್ ಒಳಗೆ ಹೋಗುವವರಲ್ಲಿ ಈ ರೋಗದ ಅಪಾಯ ಕುಡಿಯದವರಿಗಿಂತ ಸುಮಾರು ಹತ್ತು ಪಟ್ಟು. ನಮ್ಮ ಅಂಗಡಿಗಳ ಅಳತೆಯಲ್ಲಿ ಹೇಳಿದರೆ 400 ಮಿಲಿಲೀಟರ್ ಎಂದರೆ 180ರ ಐದು ಕ್ವಾರ್ಟರ್ ವಿಸ್ಕಿಗಿಂತ ಸ್ವಲ್ಪ ಹೆಚ್ಚು. ದಿನಕ್ಕೊಂದು ಕ್ವಾರ್ಟರ್ ಹಾಕುವವರು ವಾರ ಮುಗಿಯುವ ಮೊದಲೇ ಆ ಗೆರೆ ದಾಟಿರುತ್ತಾರೆ.

ಸ್ಟೆರಾಯ್ಡ್ ಜೀವ ಉಳಿಸುವ ಔಷಧ, ಅದನ್ನು ದೂಷಿಸಬಾರದು. ಕೋವಿಡ್ ಕಾಲದಲ್ಲಿ ಅದರಿಂದ ಬದುಕಿದವರು ಲೆಕ್ಕವಿಲ್ಲದಷ್ಟು. ಆದರೆ ಮುಂಬೈನ ಹಿಂದೂಜಾ ಆಸ್ಪತ್ರೆಯ ಡಾ. ಸಂಜಯ್ ಅಗರ್‌ವಾಲಾ ಮತ್ತು ಸಹೋದ್ಯೋಗಿಗಳು 2021ರಲ್ಲಿ ಬರೆದ ವರದಿ ಎಲ್ಲರನ್ನೂ ಎಚ್ಚರಿಸಿತು. ಕೋವಿಡ್ ಬಂದುಹೋದ, ನಲವತ್ತರೊಳಗಿನ ಮೂವರಿಗೆ ಸರಾಸರಿ 758 ಮಿಲಿಗ್ರಾಂ ಪ್ರೆಡ್ನಿಸೊಲೋನ್‌ನಷ್ಟು ಸ್ಟೆರಾಯ್ಡ್ ಕೊಟ್ಟಿದ್ದರು. ಎರಡು ತಿಂಗಳ ಆಸುಪಾಸಿಗೇ ಸೊಂಟ ನೋಯತೊಡಗಿತ್ತು. ಅದಕ್ಕಿಂತ ಹೆಚ್ಚು ನನ್ನನ್ನು ಕಾಡುವುದು ಹಳ್ಳಿಗಳಲ್ಲಿ ಮೈಕೈ ನೋವಿಗೆಂದು ಕೊಡುವ ಹೆಸರಿಲ್ಲದ ಪುಡಿ, ಗುಳಿಗೆ, ‘ತಕ್ಷಣ ಗುಣ’ದ ಸೂಜಿ. ಒಳಗೆ ಏನಿದೆಯೆಂದು ಕೊಟ್ಟವರು ಹೇಳುವುದಿಲ್ಲ, ತೆಗೆದುಕೊಂಡವರು ಕೇಳುವುದಿಲ್ಲ. ಸ್ಟೆರಾಯ್ಡ್ ಇದ್ದರೆ ನೋವು ಸಂಜೆಗೇ ಇಳಿಯುತ್ತದೆ. ಅದರ ಬೆಲೆ ಕಟ್ಟಬೇಕಾಗುವುದು ತಿಂಗಳುಗಳ, ಕೆಲವೊಮ್ಮೆ ವರ್ಷಗಳ ನಂತರ.

ಈ ನೋವು ಜನರನ್ನು ದಾರಿ ತಪ್ಪಿಸುತ್ತದೆ. ಅದು ಏಳುವುದು ತೊಡೆಸಂದಿನಲ್ಲಿ, ಇಳಿಯುವುದು ಮೊಣಕಾಲಿನತ್ತ. ಹಾಗಾಗಿ ಮೊಣಕಾಲಿನ ಎಕ್ಸ್‌ರೇ ತೆಗೆಸುತ್ತಾರೆ, ಏನೂ ಕಾಣುವುದಿಲ್ಲ. ಸೈಟಿಕಾ ಎಂದುಕೊಂಡು ಟೊಂಕಕ್ಕೆ ಪಟ್ಟಿ ಕಟ್ಟಿಕೊಳ್ಳುತ್ತಾರೆ. ಸೊಂಟದ ಎಕ್ಸ್‌ರೇಯಲ್ಲೂ ಮೊದಮೊದಲು ರೋಗ ಕಾಣದಿರಬಹುದು. ಆ ಹಂತದಲ್ಲಿ ಹಿಡಿದುಕೊಡುವುದು ಎಂಆರ್‌ಐ. ಅದಕ್ಕೂ ಮೊದಲೇ ಮನೆಯಲ್ಲಿ ಕಾಣುವ ಗುರುತೊಂದಿದೆ: ಊಟಕ್ಕೆ, ಲಿಂಗಪೂಜೆಗೆ, ನಮಾಜಿಗೆ ನೆಲದ ಮೇಲೆ ಕೂರುವಾಗ ಒಂದು ಕಾಲು ಮಡಚಲು ಒಪ್ಪುವುದಿಲ್ಲ. ಮೂವತ್ತೈದರ ಗಂಡಸು ಚಕ್ಕಳಮಕ್ಕಳ ಹಾಕಲಾರದೆ ಒಂದು ಕಾಲು ಚಾಚಿ ಕೂತರೆ, ಮನೆಯವರು ಅದನ್ನು ಸೋಮಾರಿತನ ಎಂದು ತಳ್ಳಿಹಾಕಬಾರದು. ತಲೆ ಕುಸಿಯುವ ಮುನ್ನ ಸಿಕ್ಕರೆ ಎಲುಬಿನೊಳಗೆ ರಂಧ್ರ ಕೊರೆದು ಒತ್ತಡ ಇಳಿಸುವ ಚಿಕ್ಕ ಶಸ್ತ್ರಚಿಕಿತ್ಸೆಯಿಂದ ಕೆಲವರ ಕೀಲು ಉಳಿಯುತ್ತದೆ. ಕುಸಿದ ಮೇಲೆ, ನೋವು ಸಹಿಸಲಾರದಾಗ, ಉಳಿಯುವುದು ಬದಲಿ ಕೀಲು. ಪೆಟ್ಟಿಲ್ಲದೆ ಬಂದ ಎವಿಎನ್ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಎರಡೂ ಕಡೆ ಇರುತ್ತದೆ. ಆದ್ದರಿಂದ ನೋಯದ ಸೊಂಟವನ್ನೂ ಎಂಆರ್‌ಐಯಲ್ಲಿ ನೋಡಿಸಲೇಬೇಕು.

ಬದಲಿ ಕೀಲು ಇವತ್ತಿನ ರೂಪ ಪಡೆದದ್ದು 1962ರಲ್ಲಿ, ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯ ಜಾನ್ ಚಾರ್ನ್ಲಿ ಅವರ ಕೈಯಲ್ಲಿ. ಅದಕ್ಕೆ ಮುಂಚೆ ಅವರು ಟೆಫ್ಲಾನ್ ಬಟ್ಟಲು ಹಾಕಿ ಮುನ್ನೂರರ ಸುಮಾರು ಜನರಿಗೆ ಶಸ್ತ್ರಚಿಕಿತ್ಸೆ ಮಾಡಿದ್ದರು. ಆರಂಭದಲ್ಲಿ ಎಲ್ಲರೂ ಚೆನ್ನಾಗಿ ನಡೆದಾಡಿದರು. ಕೆಲವೇ ವರ್ಷಗಳಲ್ಲಿ ಬಟ್ಟಲುಗಳು ಸವೆದು ಕೆಟ್ಟವು. ಅದು ತಿಳಿದದ್ದು ಅವರು ರೋಗಿಗಳನ್ನು ಮತ್ತೆ ಮತ್ತೆ ಕರೆಸಿ ನೋಡುತ್ತಿದ್ದರಿಂದ. ಆಮೇಲೆ ಪಾಲಿಥೀನ್ ಬಟ್ಟಲು ಬಂತು. ಚಾರ್ನ್ಲಿ ಅಲ್ಲಿಗೂ ನಿಲ್ಲಲಿಲ್ಲ. ರೋಗಿಗಳು ತೀರಿಕೊಂಡ ಮೇಲೆ ಅವರ ಕೀಲನ್ನು ಪರೀಕ್ಷೆಗೆ ಮರಳಿಸಲು ಅವರಿಂದ ಮೊದಲೇ ಒಪ್ಪಿಗೆ ಕೇಳುತ್ತಿದ್ದರು. ಈ ಚಿಕಿತ್ಸೆ ಗೆದ್ದದ್ದರಲ್ಲಿ ಲೋಹ, ಪ್ಲಾಸ್ಟಿಕ್ಕಿಗೆ ಎಷ್ಟು ಪಾಲಿದೆಯೋ ಈ ಬಿಡದ ಹಿಂಬಾಲಿಕೆಗೂ ಅಷ್ಟೇ ಪಾಲಿದೆ.

ಎವಿಎನ್ ಆದವರಲ್ಲಿ ಬದಲಿ ಕೀಲು ಬಾಳುವುದಿಲ್ಲ ಎಂಬ ಮಾತು ಬಹಳ ಕಾಲ ಇತ್ತು. ಅದಕ್ಕೆ ಕಾರಣವೂ ಇತ್ತು: ರೋಗಿಗಳು ಎಳೆಯರು, ಓಡಾಟ ಹೆಚ್ಚು, ಎಲುಬಿನ ಗುಣಮಟ್ಟ ಕಡಿಮೆ. 67 ವರದಿಗಳ 3,277 ಕೀಲುಗಳನ್ನು ಒಟ್ಟಿಗೆ ಇಟ್ಟು ನೋಡಿದ, 2011ರಲ್ಲಿ ಪ್ರಕಟವಾದ ವಿಮರ್ಶೆ ಈ ನಂಬಿಕೆಯನ್ನು ಅಲುಗಾಡಿಸಿತು. 1990ಕ್ಕೆ ಮುಂಚಿನ ಶಸ್ತ್ರಚಿಕಿತ್ಸೆಗಳಲ್ಲಿ ನೂರಕ್ಕೆ 17 ಕೀಲುಗಳನ್ನು ಮತ್ತೆ ಬದಲಿಸಬೇಕಾಗಿತ್ತು. ನಂತರದವುಗಳಲ್ಲಿ ಅದು 3ಕ್ಕೆ ಇಳಿದಿತ್ತು. ಕುಡಗೋಲು ಕಣ ರೋಗದವರಲ್ಲಿ, ಮೂತ್ರಪಿಂಡ ಕೆಟ್ಟವರಲ್ಲಿ ಮಾತ್ರ ಫಲಿತಾಂಶ ಹಿಂದೆಯೇ ಉಳಿದಿತ್ತು. ಸಿಮೆಂಟಿಲ್ಲದೆ ಎಲುಬೇ ಬೆಳೆದು ಹಿಡಿದುಕೊಳ್ಳುವ ಕೀಲುಗಳು, 1990ರ ದಶಕದ ಕೊನೆಗೆ ಬಂದ ಹೆಚ್ಚು ಗಟ್ಟಿಯಾದ ಪಾಲಿಥೀನ್, ಸಿರಾಮಿಕ್ ಗುಂಡು ಕೀಲಿನ ಬಾಳಿಕೆಯನ್ನು ಹೆಚ್ಚಿಸಿವೆ.

ಆದರೆ ಆ ವಿಮರ್ಶೆ ರೋಗಿಗಳನ್ನು ಹಿಂಬಾಲಿಸಿದ್ದು ಸರಾಸರಿ ಆರು ವರ್ಷ. ನಮ್ಮ ಮೂವತ್ತೆಂಟರ ರೈತನಿಗೆ ಬೇಕಾಗಿರುವುದು ಮೂವತ್ತು ವರ್ಷದ ಉತ್ತರ. ಎಲ್ಲ ಬಗೆಯ ರೋಗಿಗಳನ್ನು ಸೇರಿಸಿ, ಆಸ್ಟ್ರೇಲಿಯಾ ಮತ್ತು ಫಿನ್‌ಲೆಂಡಿನ ನೋಂದಣಿಗಳಿಂದ 2019ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿದ ಲೆಕ್ಕದಂತೆ ನೂರರಲ್ಲಿ 89 ಕೀಲು 15 ವರ್ಷ, 70 ಕೀಲು 20 ವರ್ಷ, 58 ಕೀಲು 25 ವರ್ಷ ಬಾಳಿವೆ. ಅವು ಹಳೆಯ ಕಾಲದ ಕೀಲುಗಳು; ಇಂದಿನವು ಇನ್ನೂ ಬಾಳಬಹುದು. ಬ್ರಿಟನ್ನಿನ ಇನ್ನೊಂದು ಲೆಕ್ಕ 2017ರದು: ಎಪ್ಪತ್ತರ ಮೇಲೆ ಕೀಲು ಹಾಕಿಸಿಕೊಂಡವರಲ್ಲಿ ಜೀವಮಾನದಲ್ಲಿ ಮತ್ತೆ ಬದಲಿಸಬೇಕಾಗುವವರು ನೂರಕ್ಕೆ ಐದು. ಐವತ್ತರ ಆರಂಭದಲ್ಲಿ ಹಾಕಿಸಿಕೊಂಡ ಗಂಡಸರಲ್ಲಿ ಅದು ಮೂವತ್ತರ ಹತ್ತಿರ. ಮೂವತ್ತೆಂಟಕ್ಕೆ ಹಾಕಿಸಿಕೊಂಡವರಿಗೆ ಇನ್ನೂ ಹೆಚ್ಚೆಂದು ಊಹಿಸಲು ಕಷ್ಟವಿಲ್ಲ. ಇದನ್ನು ಶಸ್ತ್ರಚಿಕಿತ್ಸೆಗೆ ಮುಂಚೆಯೇ ಮನೆಯವರಿಗೆ ಬಿಡಿಸಿ ಹೇಳಬೇಕು. ನೋವಿಲ್ಲದೆ ದುಡಿಯುವ ಇಪ್ಪತ್ತೈದು ವರ್ಷ ಸಣ್ಣ ಲಾಭವಲ್ಲ, ಅದನ್ನು ಪಡೆಯಲು ಹೆದರಬೇಕಿಲ್ಲ. ಆದರೆ ‘ಒಂದು ಸಲ ಮಾಡಿಸಿದರೆ ಮುಗಿಯಿತು’ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಕೃತಕ ಕೀಲು ಕೆಡುವಾಗ ಸದ್ದು ಮಾಡುವುದಿಲ್ಲ, ಕಷ್ಟ ಇರುವುದೇ ಇಲ್ಲಿ. ಬಟ್ಟಲು ಸವೆದು ಉದುರುವ ಕಣ್ಣಿಗೆ ಕಾಣದ ಕಣಗಳನ್ನು ದೇಹ ಶತ್ರುವೆಂದು ಬಗೆದು ಕಾದಾಡುತ್ತದೆ. ಆ ಕಾದಾಟದಲ್ಲಿ ಸುತ್ತಲಿನ ಎಲುಬು ಕರಗುತ್ತದೆ. ಬಹಳ ದಿನ ನೋವೇ ಇರುವುದಿಲ್ಲ. ನೋವು ಶುರುವಾಗುವ ಹೊತ್ತಿಗೆ ಹೊಸ ಕೀಲು ಕೂರಿಸಲು ಬೇಕಾದ ಎಲುಬೇ ಅಲ್ಲಿ ಉಳಿದಿರದಿರಬಹುದು. ಆದ್ದರಿಂದ ಚೆನ್ನಾಗಿ ನಡೆಯುತ್ತಿರುವವರೂ ವೈದ್ಯರು ಹೇಳಿದ ಅಂತರಕ್ಕೆ ಎಕ್ಸ್‌ರೇ ತೆಗೆಸಿ, ಹಳೆಯದರ ಪಕ್ಕ ಇಟ್ಟು ನೋಡಿಸಬೇಕು.

ಯಾರಿಗೆ ಯಾವ ಕೀಲು ಹಾಕಿದ್ದರೆಂಬ ಗುರುತು ಕಳೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ದೇಶ ಒಂದು ಕಹಿ ಪಾಠ ಕಲಿತಿದೆ. ಡಿಪ್ಯೂ ಕಂಪನಿಯ ಎಎಸ್‌ಆರ್ ಎಂಬ, ಲೋಹಕ್ಕೆ ಲೋಹ ಉಜ್ಜುವ ಸೊಂಟದ ಕೀಲನ್ನು 2010ರಲ್ಲಿ ಜಗತ್ತಿನಾದ್ಯಂತ ವಾಪಸ್ ಕರೆಸಿಕೊಂಡರು. ಭಾರತದಲ್ಲಿ ಸುಮಾರು 4,700 ಶಸ್ತ್ರಚಿಕಿತ್ಸೆಗಳಲ್ಲಿ ಅದನ್ನು ಬಳಸಲಾಗಿತ್ತು. ವರ್ಷಗಳ ನಂತರ ಕೇಂದ್ರ ಸರ್ಕಾರದ ತಜ್ಞರ ಸಮಿತಿ ವಿಚಾರಿಸಿದಾಗ ಸಾವಿರ ಚಿಲ್ಲರೆ ಜನರ ವಿವರ ಮಾತ್ರ ಸಿಕ್ಕಿತು. ಪರಿಹಾರದ ಮೊತ್ತ 30 ಲಕ್ಷ ರೂಪಾಯಿಯಿಂದ ಮೇಲಕ್ಕೆ ನಿಗದಿಯಾದಾಗಲೂ ಅದನ್ನು ಕೊಡಲು ಬಹುಪಾಲು ಜನರ ಪತ್ತೆಯೇ ಇರಲಿಲ್ಲ.

ಬೀದರ್ ಜಿಲ್ಲೆಯಲ್ಲಿ ರೋಗಿ ಮತ್ತು ವೈದ್ಯರ ನಡುವಿನ ಈ ಎಳೆ ಕಡಿಯುವುದು ಇನ್ನೂ ಸುಲಭ. ದೊಡ್ಡ ಶಸ್ತ್ರಚಿಕಿತ್ಸೆಗೆ ಇಲ್ಲಿನ ಜನ ಹೈದರಾಬಾದ್‌ನ ಬಸ್ಸು ಹತ್ತುವುದು ತಲೆಮಾರುಗಳ ರೂಢಿ. ಬೆಂಗಳೂರಿಗಿಂತ ಅದು ಎಷ್ಟೋ ಹತ್ತಿರ. ಭಾಲ್ಕಿಯವರು ರೈಲು ಹಿಡಿದು ಲಾತೂರಿನತ್ತಲೂ ಹೋಗುತ್ತಾರೆ. ರೈಲೇ ಇಲ್ಲದ ಔರಾದ್‌ನವರಿಗೆ ಮಹಾರಾಷ್ಟ್ರದ ಊರುಗಳೇ ಸಮೀಪ. ಹೊಲಿಗೆ ಬಿಚ್ಚುವವರೆಗೆ ಹೋಗಿಬರುತ್ತಾರೆ. ಆಮೇಲೆ ಒಂದು ದಿನದ ಕೂಲಿ, ಬಸ್ ಚಾರ್ಜು, ಜೊತೆಗೊಬ್ಬರು. ನೋವಿಲ್ಲದಿದ್ದರೆ ಯಾರು ಹೋಗುತ್ತಾರೆ? ಅವರನ್ನು ದೂರುವುದು ನ್ಯಾಯವಲ್ಲ. ಎಕ್ಸ್‌ರೇ ಭಾಲ್ಕಿ, ಔರಾದ್‌ನ ತಾಲ್ಲೂಕು ಆಸ್ಪತ್ರೆಗಳಲ್ಲೇ ಆಗಬಹುದು. ಅದನ್ನು ಓದಿ ಹೇಳಲು ಬೀದರ್‌ನ ಬ್ರಿಮ್ಸ್ ವೈದ್ಯಕೀಯ ಕಾಲೇಜಿನಲ್ಲಿ ಎಲುಬು-ಕೀಲು ವಿಭಾಗ ಇದೆ. ಕೀಲು ಎಲ್ಲಿಯೇ ಹಾಕಿಸಿರಲಿ, ಹಾಕಿಸಿಕೊಂಡವರ ಹೆಸರಿರುವ ಒಂದು ದಫ್ತರು ಜಿಲ್ಲೆಯಲ್ಲಿ ಇರಬೇಕು, ವರ್ಷಕ್ಕೊಮ್ಮೆ ಕರೆ ಹೋಗಬೇಕು. ಬಾಣಂತಿಗೆ, ಕ್ಷಯರೋಗಿಗೆ ಮನೆಬಾಗಿಲ ತನಕ ತಲುಪುವ ವ್ಯವಸ್ಥೆಗೆ ಇದು ಭಾರವಾಗದು.

ನಿತ್ಯದ ಬದುಕಿನ ಪ್ರಶ್ನೆಗಳಿಗೂ ಹತ್ತಿರದಲ್ಲೇ ಉತ್ತರ ಸಿಗಬೇಕು. ಮೊದಲ ಕೆಲವು ವಾರ ತೀರಾ ಬಗ್ಗುವುದು, ಕುಕ್ಕರಗಾಲಲ್ಲಿ ಕೂರುವುದು, ಕಾಲ ಮೇಲೆ ಕಾಲು ಹಾಕುವುದು ಕೀಲು ಜಾರಿಸಬಲ್ಲವು. ಆಮೇಲೆ ಎಷ್ಟು ಸಡಿಲಿಕೆ ಎಂಬುದು ಶಸ್ತ್ರಚಿಕಿತ್ಸೆಯ ವಿಧಾನ, ಗುಂಡಿನ ಗಾತ್ರದ ಮೇಲೆ ನಿಂತಿದೆ. ನೆಲದ ಮೇಲೆ ಬದುಕುವ ರೂಢಿಯ ಕೊರಿಯಾದಲ್ಲೂ ಎವಿಎನ್ ಹೆಚ್ಚು. ಅಲ್ಲಿ ಎಷ್ಟೋ ಜನ ಹೊಸ ಕೀಲಿನೊಂದಿಗೆ ಮತ್ತೆ ನೆಲಕ್ಕೆ ಕೂತಿದ್ದಾರೆ. ಆದರೆ ಅದನ್ನು ತಮ್ಮ ವೈದ್ಯರು ಹೇಳದೆ ಯಾರೂ ಮಾಡಬಾರದು. ಮನೆಗೆ ಬರುವ ಮುಂಚೆಯೇ ಕಮೋಡ್ ಕುರ್ಚಿ ತಂದಿಡಬೇಕು. ಹೊಲದಲ್ಲಿ ಕಾಲಿಗೆ ಮುಳ್ಳು ಚುಚ್ಚಿ ಕೀವು ತುಂಬಿದರೆ, ಹಲ್ಲು ಊದಿದರೆ ತಡಮಾಡದೆ ತೋರಿಸಬೇಕು. ಸೋಂಕು ರಕ್ತದಲ್ಲಿ ಸಾಗಿ ಕೀಲಿಗೆ ಸೇರಬಹುದು.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆಯಿದೆ. ಯಾವ ಆಸ್ಪತ್ರೆಯಲ್ಲಿ ಯಾವ ಕೀಲಿಗೆ ಒಪ್ಪಿಗೆ ಸಿಗುತ್ತದೆ ಎಂದು ಆರೋಗ್ಯಮಿತ್ರರ ಬಳಿ ಮೊದಲೇ ಕೇಳಿಕೊಳ್ಳಿ. ಬಿಡುಗಡೆಯ ದಿನ ಇನ್ನೊಂದನ್ನು ಕೇಳಿ ಪಡೆಯಿರಿ: ಕೀಲಿನ ಪೆಟ್ಟಿಗೆಯ ಮೇಲಿನ ಸ್ಟಿಕ್ಕರ್. ಕಂಪನಿ, ಗಾತ್ರ, ಬ್ಯಾಚ್ ಸಂಖ್ಯೆ ಎಲ್ಲ ಅದರಲ್ಲಿರುತ್ತದೆ. ಪಡಿತರ ಚೀಟಿಯ ಜೊತೆಗೇ ಇಡಿ, ಫೋನಿನಲ್ಲೂ ಫೋಟೊ ತೆಗೆದಿಡಿ. ಸವೆತ ಬೇಗ ಗೊತ್ತಾದರೆ ಎಷ್ಟೋ ಸಲ ಬಟ್ಟಲಿನ ಒಳಪದರ ಮತ್ತು ಗುಂಡನ್ನಷ್ಟೇ ಬದಲಿಸಿದರೆ ಸಾಕು. ಎಲುಬಿಗೆ ಕಚ್ಚಿದ ಉಳಿದ ಭಾಗಗಳು ಹಾಗೇ ಇರುತ್ತವೆ. ಆದರೆ ಆ ಒಳಪದರ ಅದೇ ಕಂಪನಿಯದು, ಅದೇ ಅಳತೆಯದು ಆಗಬೇಕು. ಸ್ಟಿಕ್ಕರ್ ಇಲ್ಲದಿದ್ದರೆ, ಹದಿನೆಂಟು ವರ್ಷದ ಹಿಂದೆ ಯಾವ ಊರಿನಲ್ಲಿ ಏನು ಹಾಕಿದ್ದರೆಂದು ತಿಳಿಯದ ವೈದ್ಯರು ಇಡೀ ಕೀಲನ್ನೇ ಕಿತ್ತು ಮತ್ತೆ ಕೂರಿಸಬೇಕಾಗಬಹುದು.