ಹೊಸ ಟಿ.ವಿ.ಯಲ್ಲಿ ಹಳೆಯ ಚಿತ್ರ ಏಕೆ?

ಮಕ್ಕಳೇ, ನಮ್ಮ ಬೀದರ್ ಜಿಲ್ಲೆಯಲ್ಲಿ ಸೋಯಾ, ಉದ್ದು, ಹೆಸರಿನ ರಾಶಿ ಮುಗಿದು ಕೈಗೆ ನಾಲ್ಕು ಕಾಸು ಬಂದಾಗ ಅನೇಕ ಮನೆಗಳಲ್ಲಿ ಹೊಸ ಟಿ.ವಿ.ಯ ಮಾತು ಏಳುತ್ತದೆ. ಅಂಗಡಿಯಲ್ಲಿ ಸಾಲಾಗಿ ಇಟ್ಟ ಟಿ.ವಿ.ಗಳಲ್ಲಿ ನವಿಲುಗರಿಯ ಒಂದೊಂದು ಎಳೆಯೂ ಎಣಿಸುವಷ್ಟು ಸ್ಪಷ್ಟ. ಅದೇ ಟಿ.ವಿ.ಯನ್ನು ಮನೆಗೆ ತಂದು ಹಚ್ಚಿದರೆ ಮುಖಗಳು ಮಸುಕು, ಅಕ್ಷರಗಳು ಕಲಸಿದಂತೆ. “ಟಿ.ವಿ. ಹೊಸಾದು ಅದ, ಚಿತ್ರ ಮಾತ್ರ ಹಳೇದೇ ಅದ!” ಎಂದು ಮನೆಯವರು ಪೇಚಾಡುತ್ತಾರೆ.

ಟಿ.ವಿ. ಕೆಟ್ಟಿದೆಯೇ? ಅಂಗಡಿಯವರು ಮೋಸ ಮಾಡಿದರೇ? ಬಹಳ ಸಲ ಎರಡೂ ಅಲ್ಲ. ಎಚ್‌ಡಿ ಚಿತ್ರ ಕಾಣಲು ಟಿ.ವಿ. ಒಂದೇ ಸಾಲದು. ಚಿತ್ರ ಹೊರಡುವ ಸ್ಥಳದಿಂದ ನಮ್ಮ ಕಣ್ಣಿನವರೆಗೆ ಒಂದು ಸರಪಳಿ ಇದೆ. ಅದರ ಒಂದು ಕೊಂಡಿ ಸಡಿಲವಾದರೂ ಕೊಟ್ಟ ಹಣ ವ್ಯರ್ಥ. ಆ ಸರಪಳಿಯ ವಿಜ್ಞಾನವನ್ನು ತಿಳಿಯೋಣ ಬನ್ನಿ.

ಚುಕ್ಕಿಗಳ ಲೆಕ್ಕ

ನೀವು ಚುಕ್ಕಿ ರಂಗೋಲಿ ನೋಡಿದ್ದೀರಿ. 5 ಚುಕ್ಕಿಯ ರಂಗೋಲಿಯಲ್ಲಿ ಒಂದು ಸಣ್ಣ ಹೂವು ಬಿಡಿಸಬಹುದು. 21 ಚುಕ್ಕಿಯಲ್ಲಾದರೆ ಹೂವು, ಬಳ್ಳಿ, ನವಿಲು ಎಲ್ಲವೂ ಮೂಡುತ್ತವೆ. ಚುಕ್ಕಿ ಹೆಚ್ಚಿದಷ್ಟೂ ವಿವರ ಹೆಚ್ಚು. ಬೀದರ್ ನಗರದಲ್ಲಿ 1472ರಲ್ಲಿ ಕಟ್ಟಿದ ಮಹಮೂದ್ ಗವಾನನ ಮದರಸಾದ ಮುಂಭಾಗವನ್ನು ನೋಡಿದ್ದೀರಾ? ಅಲ್ಲಿ ಉಳಿದಿರುವ ಬಣ್ಣದ ಬಿಲ್ಲೆಗಳ ಅಲಂಕಾರ ದೂರದಿಂದ ಒಂದೇ ಚಿತ್ರದಂತೆ ಕಾಣುತ್ತದೆ. ಹತ್ತಿರ ಹೋದರೆ ಬಿಲ್ಲೆಗಳು ಬೇರೆ ಬೇರೆಯಾಗಿ ತೋರುತ್ತವೆ.

ಟಿ.ವಿ. ಪರದೆಯೂ ಹೀಗೆಯೇ. ಅದರ ಒಂದೊಂದು ಚುಕ್ಕಿಗೆ ಪಿಕ್ಸೆಲ್ ಎಂದು ಹೆಸರು. ಪ್ರತಿ ಪಿಕ್ಸೆಲ್‌ನೊಳಗೆ ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕಿನ ತುಣುಕುಗಳಿವೆ. ಇವು ಹೆಚ್ಚು ಕಡಿಮೆ ಬೆಳಗಿ ಎಲ್ಲ ಬಣ್ಣಗಳನ್ನೂ ತೋರಿಸುತ್ತವೆ. ಅಡ್ಡಸಾಲಿನ ಚುಕ್ಕಿಗಳನ್ನು ನಿಲುವುಸಾಲಿನ ಚುಕ್ಕಿಗಳಿಂದ ಗುಣಿಸಿದರೆ ಒಟ್ಟು ಎಷ್ಟೆಂದು ತಿಳಿಯುತ್ತದೆ.

- ಸಾಮಾನ್ಯ ಚಿತ್ರ (ಎಸ್‌ಡಿ): 720 × 576 = 4,14,720
- ಎಚ್‌ಡಿ: 1280 × 720 = 9,21,600
- ಫುಲ್ ಎಚ್‌ಡಿ: 1920 × 1080 = 20,73,600
- 4ಕೆ: 3840 × 2160 = 82,94,400

‘ಎಚ್‌ಡಿ ರೆಡಿ’ ಎಂದು ಬರೆದಿರುವ ಅನೇಕ ಟಿ.ವಿ.ಗಳ ಪರದೆಯಲ್ಲಿ 1366 × 768 ಚುಕ್ಕಿಗಳಿರುತ್ತವೆ. ಅದು ಎಚ್‌ಡಿಗಿಂತ ತುಸು ಹೆಚ್ಚು, ಫುಲ್ ಎಚ್‌ಡಿಗಿಂತ ಬಹಳ ಕಡಿಮೆ.

ಈಗ 20,73,600ನ್ನು 4,14,720ರಿಂದ ಭಾಗಿಸಿ ನೋಡಿ. ಸರಿಯಾಗಿ 5 ಬರುತ್ತದೆ. ಅಂದರೆ ಫುಲ್ ಎಚ್‌ಡಿ ಪರದೆಗೆ ಎಸ್‌ಡಿ ಚಿತ್ರ ಬಂದರೆ, ಬಂದ ಒಂದು ಚುಕ್ಕಿಯಿಂದ ಐದು ಚುಕ್ಕಿಗಳ ಜಾಗ ತುಂಬಬೇಕು. ಇಲ್ಲದ ನಾಲ್ಕನ್ನು ಟಿ.ವಿ. ಅಕ್ಕಪಕ್ಕದ ಚುಕ್ಕಿಗಳನ್ನು ನೋಡಿ ಊಹಿಸುತ್ತದೆ. ಊಹೆಯಲ್ಲಿ ಹೊಸ ವಿವರ ಹುಟ್ಟುವುದಿಲ್ಲ. ಹೊಸ ಟಿ.ವಿ.ಯಲ್ಲಿ ಹಳೆಯ ಚಿತ್ರ ಮಸುಕಾಗಲು ಇದೇ ಕಾರಣ. ಚಿಕ್ಕ ಪರದೆಯಲ್ಲಿ ಮರೆಯಾಗಿದ್ದ ಕೊರತೆ ದೊಡ್ಡ ಪರದೆಯಲ್ಲಿ ಎದ್ದು ಕಾಣುತ್ತದೆ.

ನಮ್ಮ ಭಾಗಕ್ಕೆ ಟಿ.ವಿ. ಬಂದ ಬಗೆ

ಭಾರತದಲ್ಲಿ ಟಿ.ವಿ. ಪ್ರಸಾರ 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಆರಂಭವಾಯಿತು. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ಉಪಗ್ರಹದ ಮೂಲಕ ಹಳ್ಳಿಗಳಿಗೆ ಶಿಕ್ಷಣ ಕಾರ್ಯಕ್ರಮ ತಲುಪಿಸುವ ‘ಸೈಟ್’ ಎಂಬ ಪ್ರಯೋಗ ನಡೆಯಿತು. ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಅದರಲ್ಲಿದ್ದವು. ಕರ್ನಾಟಕದಿಂದ ಆರಿಸಿದ್ದು ನಮ್ಮ ನೆರೆಯ ಗುಲ್ಬರ್ಗಾ (ಇಂದಿನ ಕಲಬುರಗಿ) ಭಾಗದ ಹಳ್ಳಿಗಳನ್ನೇ. ಊರಿಗೆಲ್ಲ ಒಂದೇ ಕಪ್ಪು-ಬಿಳುಪು ಟಿ.ವಿ., ಎದುರಿಗೆ ಇಡೀ ಊರು! 1977ರಲ್ಲಿ ಗುಲ್ಬರ್ಗಾದಲ್ಲಿ ದೂರದರ್ಶನ ಕೇಂದ್ರ ಆರಂಭವಾಯಿತು. 1982ರಲ್ಲಿ ದೇಶಕ್ಕೆ ಬಣ್ಣದ ಪ್ರಸಾರ ಬಂತು.

ಆ ಕಾಲದ ಚಿತ್ರ 625 ಅಡ್ಡಗೆರೆಗಳಿಂದ ಆಗುತ್ತಿತ್ತು. ಅವುಗಳಲ್ಲಿ ಕಣ್ಣಿಗೆ ಕಾಣುತ್ತಿದ್ದುದು 576. ಎಸ್‌ಡಿಯ 576 ಎಂಬ ಸಂಖ್ಯೆ ಬಂದದ್ದು ಅಲ್ಲಿಂದಲೇ. 2010ರ ಅಕ್ಟೋಬರ್‌ನಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟವನ್ನು ದೂರದರ್ಶನ ಎಚ್‌ಡಿಯಲ್ಲಿ ಪ್ರಸಾರ ಮಾಡಿತು. 2016ರಿಂದ ಕನ್ನಡದ ಮನರಂಜನಾ ವಾಹಿನಿಗಳೂ ಎಚ್‌ಡಿ ರೂಪದಲ್ಲಿ ಬರತೊಡಗಿದವು.

ಸರಪಳಿಯ ಐದು ಕೊಂಡಿಗಳು

ಬೋರ್‌ವೆಲ್‌ನಲ್ಲಿ ಮೂರು ಇಂಚು ನೀರಿದ್ದರೂ ನಡುವೆ ಅರ್ಧ ಇಂಚಿನ ಪೈಪ್ ಜೋಡಿಸಿದರೆ ಹೊಲಕ್ಕೆ ಎಷ್ಟು ನೀರು ಬಂದೀತು? ಎಚ್‌ಡಿ ಚಿತ್ರದ ಕಥೆಯೂ ಇದೇ.

1. ಕಾರ್ಯಕ್ರಮ: ಅದನ್ನು ಎಚ್‌ಡಿ ಕ್ಯಾಮೆರಾದಲ್ಲೇ ತೆಗೆದಿರಬೇಕು. ಹಳೆಯ ಟೇಪಿನ ಧಾರಾವಾಹಿಯನ್ನು ಎಚ್‌ಡಿ ವಾಹಿನಿಯಲ್ಲಿ ಹಾಕಿದರೂ ಅದು ಹಳೆಯದೇ.

2. ಬರುವ ದಾರಿ: ಡಿಶ್, ಕೇಬಲ್ ಅಥವಾ ಇಂಟರ್‌ನೆಟ್. ಒಂದೇ ವಾಹಿನಿಗೆ ಎಸ್‌ಡಿ, ಎಚ್‌ಡಿ ಎಂಬ ಎರಡು ರೂಪಗಳಿರುವುದುಂಟು. ನೀವು ಹಣ ಕಟ್ಟಿದ್ದು ಯಾವುದಕ್ಕೆ ಎಂಬುದು ಮುಖ್ಯ.

3. ಸೆಟ್ ಟಾಪ್ ಬಾಕ್ಸ್ ಮತ್ತು ತಂತಿ: ಬಾಕ್ಸ್ ಎಚ್‌ಡಿಯದ್ದಾಗಿರಬೇಕು. ಅದರಿಂದ ಟಿ.ವಿ.ಗೆ ಎಚ್‌ಡಿಎಂಐ ಎಂಬ ಚಪ್ಪಟೆ ಬಾಯಿಯ ತಂತಿ ಹಾಕಬೇಕು. ಹಳದಿ, ಕೆಂಪು, ಬಿಳಿ ತುದಿಗಳ ಹಳೆಯ ತಂತಿಯಲ್ಲಿ ಚಿತ್ರ ಸಾಗುವುದು ಹಳದಿಯಲ್ಲಿ ಮಾತ್ರ. ಕೆಂಪು, ಬಿಳಿ ತುದಿಗಳು ಧ್ವನಿಗೆ. ಆ ಹಳದಿ ತಂತಿ ಎಸ್‌ಡಿ ಚಿತ್ರವನ್ನಷ್ಟೇ ಸಾಗಿಸಬಲ್ಲದು. ಎಚ್‌ಡಿ ವಾಹಿನಿಗೆ ತಿಂಗಳು ತಿಂಗಳು ಹಣ ಕಟ್ಟಿ ಈ ತಂತಿಯಲ್ಲಿ ನೋಡಿದರೆ ಕಟ್ಟಿದ ಹಣ ತಂತಿಯಲ್ಲೇ ಉಳಿಯಿತು!

4. ಪರದೆ: ಚುಕ್ಕಿಗಳ ಸಂಖ್ಯೆ.

5. ಕಣ್ಣು: ನಾವು ಎಷ್ಟು ದೂರ ಕುಳಿತಿದ್ದೇವೆ ಎಂಬುದು.

ಡಿಶ್‌ಗಳು ಆಗ್ನೇಯಕ್ಕೇ ಏಕೆ ನೋಡುತ್ತವೆ?

ಬೀದರಿನಲ್ಲಾಗಲಿ ಭಾಲ್ಕಿ, ಔರಾದ್‌ನಲ್ಲಾಗಲಿ ಮಾಳಿಗೆ ಹತ್ತಿ ನೋಡಿ. ಹೆಚ್ಚಿನ ಡಿಶ್‌ಗಳ ಮುಖ ಹೆಚ್ಚು ಕಡಿಮೆ ಒಂದೇ ದಿಕ್ಕಿಗೆ ಇರುತ್ತದೆ.

ಪ್ರಸಾರದ ಉಪಗ್ರಹಗಳು ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿವೆ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಅವೂ ಒಂದು ಸುತ್ತು ಬರುವುದರಿಂದ ನಮಗೆ ಒಂದೇ ಕಡೆ ನಿಂತಂತೆ ಇರುತ್ತವೆ. ಬೀದರ್ ಇರುವುದು ಸುಮಾರು 18 ಡಿಗ್ರಿ ಉತ್ತರ ಅಕ್ಷಾಂಶ, 77.5 ಡಿಗ್ರಿ ಪೂರ್ವ ರೇಖಾಂಶದಲ್ಲಿ. ದೂರದರ್ಶನದ ಡಿಡಿ ಫ್ರೀ ಡಿಶ್ ಬರುವ ಜಿಸ್ಯಾಟ್-15 ಉಪಗ್ರಹ ಇರುವುದು 93.5 ಡಿಗ್ರಿ ಪೂರ್ವದಲ್ಲಿ. ಅಂದರೆ ನಮಗೆ ದಕ್ಷಿಣಕ್ಕೂ ಹೌದು, ಪೂರ್ವಕ್ಕೂ ಹೌದು. ಎರಡೂ ಸೇರಿದರೆ ಆಗ್ನೇಯ! ಉಳಿದ ಡಿಶ್ ಸೇವೆಗಳ ಉಪಗ್ರಹಗಳೂ ನಮ್ಮ ರೇಖಾಂಶಕ್ಕಿಂತ ಪೂರ್ವಕ್ಕೇ ಇವೆ.

ನಮ್ಮ ಕಡೆಯಿಂದ ಜಿಸ್ಯಾಟ್-15 ದಿಗಂತಕ್ಕಿಂತ ಸುಮಾರು 62 ಡಿಗ್ರಿ ಎತ್ತರದಲ್ಲಿದೆ. ಡಿಶ್ ಅಷ್ಟು ಮೇಲೆ ನೋಡುವಂತೆ ಕಾಣುವುದಿಲ್ಲ. ಮೇಲಿನಿಂದ ಬಂದ ಅಲೆಗಳು ಓರೆಯಾಗಿ ಬಡಿದು ಮುಂದಿನ ಕೋಲಿನ ತುದಿಗೆ ಸೇರುವಂತೆ ಅದನ್ನು ರೂಪಿಸಿರುತ್ತಾರೆ. ಡಿಶ್‌ಗೂ ಉಪಗ್ರಹಕ್ಕೂ ನಡುವೆ ಬೇವಿನ ಕೊಂಬೆ ಬೆಳೆದರೆ, ಇಲ್ಲವೇ ಜೋರು ಮಳೆ ಸುರಿದರೆ ಅಲೆಗಳು ಕುಗ್ಗಿ ಚಿತ್ರ ತುಂಡುತುಂಡಾಗುತ್ತದೆ. ಅದು ಟಿ.ವಿ.ಯ ದೋಷವಲ್ಲ.

ಎಚ್‌ಡಿ ಬರುವ ದಾರಿಗಳು

ಡಿಡಿ ಫ್ರೀ ಡಿಶ್: 2004ರಲ್ಲಿ ಆರಂಭವಾದ ಇದಕ್ಕೆ ತಿಂಗಳ ಬಾಡಿಗೆ ಇಲ್ಲ. ಡಿಶ್, ಬಾಕ್ಸ್‌ಗೆ ಒಮ್ಮೆ ಹಣ ಕೊಟ್ಟರಾಯಿತು. 2020ರಲ್ಲಿ ಬಂದ ‘ಪಿಎಂ ಇ-ವಿದ್ಯಾ’ ಪಾಠದ ವಾಹಿನಿಗಳೂ ಇದರಲ್ಲಿವೆ. ಆದರೆ ಇದರ ಬಹುಪಾಲು ವಾಹಿನಿಗಳು ಎಸ್‌ಡಿ.

ಹಣ ಕಟ್ಟುವ ಡಿಶ್ ಮತ್ತು ಕೇಬಲ್: ಇವೆರಡರಲ್ಲೂ ಎಚ್‌ಡಿ ವಾಹಿನಿಗಳು ಸಿಗುತ್ತವೆ, ಬೆಲೆ ಮಾತ್ರ ಹೆಚ್ಚು. ನಮ್ಮದು ಮಹಾರಾಷ್ಟ್ರ, ತೆಲಂಗಾಣಗಳಿಗೆ ತಾಗಿದ ಗಡಿಜಿಲ್ಲೆ. ಒಂದೇ ಮನೆಯಲ್ಲಿ ಕನ್ನಡ, ಮರಾಠಿ, ಹಿಂದಿ, ತೆಲುಗು ವಾಹಿನಿಗಳು ಬೇಕಾಗುತ್ತವೆ. ಎಲ್ಲವನ್ನೂ ಎಚ್‌ಡಿಯಲ್ಲಿ ಕೊಂಡರೆ ಬಿಲ್ಲು ಬೆಳೆಯುತ್ತದೆ. 2019ರ ಫೆಬ್ರವರಿಯಲ್ಲಿ ಜಾರಿಗೆ ಬಂದ ನಿಯಮದಂತೆ ಬೇಕಾದ ವಾಹಿನಿಗಳನ್ನು ಒಂದೊಂದಾಗಿ ಆರಿಸಿಕೊಳ್ಳಬಹುದು. ಹೆಚ್ಚು ನೋಡುವ ಎರಡು ಮೂರನ್ನು ಮಾತ್ರ ಎಚ್‌ಡಿಯಲ್ಲಿ ಕೊಂಡರೂ ಸಾಕು.

ಇಂಟರ್‌ನೆಟ್: ಫುಲ್ ಎಚ್‌ಡಿ ಚಿತ್ರವನ್ನು ಇದ್ದಂತೆಯೇ ಕಳಿಸಿದರೆ ಸೆಕೆಂಡಿಗೆ ಸುಮಾರು 124 ಕೋಟಿ ಬಿಟ್ ಮಾಹಿತಿ ಬೇಕು. ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಬದಲಾದ ಭಾಗವನ್ನಷ್ಟೇ ಕಳಿಸುವಂಥ ಜಾಣ ಗಣಿತದಿಂದ ಇದನ್ನು ಸುಮಾರು 50 ಲಕ್ಷ ಬಿಟ್‌ಗೆ ಇಳಿಸಬಹುದು. ಹೀಗೆ ಇಳಿಸಿದರೂ ಗಂಟೆಗೆ ಸುಮಾರು 2.25 ಜಿಬಿ ಆಗುತ್ತದೆ. ಫೋನಿನಲ್ಲಿ ದಿನಕ್ಕೆ 1.5 ಜಿಬಿ ಇದ್ದರೆ ಅದು ಟಿ.ವಿ.ಗೆ ಎಷ್ಟು ಹೊತ್ತು ಸಾಲುತ್ತದೆ? ಲೆಕ್ಕ ಹಾಕಿ: 40 ನಿಮಿಷ ಮಾತ್ರ!

ಪೆನ್ ಡ್ರೈವ್: ಎಚ್‌ಡಿಯಲ್ಲಿ ತೆಗೆದ ವಿಡಿಯೋ ಅದರಲ್ಲಿದ್ದರೆ ಡಿಶ್, ಕೇಬಲ್, ನೆಟ್ ಯಾವುದೂ ಬೇಡ. ಈಗಿನ ಫೋನುಗಳು ತೆಗೆಯುವ ವಿಡಿಯೋ ಸಾಮಾನ್ಯವಾಗಿ ಎಚ್‌ಡಿಯೇ ಆಗಿರುತ್ತದೆ.

ಮಾಡಿ ನೋಡಿ

ಬಿಳಿ ಹಾಳೆಯ ಮೇಲೆ 1 ಮಿ.ಮೀ. ದಪ್ಪದ ಹತ್ತು ಕಪ್ಪು ಗೆರೆಗಳನ್ನು, ನಡುವೆ 1 ಮಿ.ಮೀ. ಜಾಗ ಬಿಟ್ಟು ಎಳೆಯಿರಿ. ಹಾಳೆಯನ್ನು ಗೋಡೆಗೆ ಅಂಟಿಸಿ ನಿಧಾನವಾಗಿ ಹಿಂದೆ ಸರಿಯಿರಿ. ಒಂದು ಹಂತದಲ್ಲಿ ಗೆರೆಗಳು ಬೆರೆತು ಬೂದುಬಣ್ಣದ ಪಟ್ಟಿಯಾಗುತ್ತವೆ. ಆ ದೂರ ಅಳೆಯಿರಿ. ಒಳ್ಳೆಯ ದೃಷ್ಟಿಯವರಿಗೆ ಅದು ಸುಮಾರು 3.4 ಮೀಟರ್. ನಿಮಗೆ ಬಹಳ ಹತ್ತಿರದಲ್ಲೇ ಬೆರೆತರೆ ಗುರುಗಳಿಗೆ ತಿಳಿಸಿ, ಕಣ್ಣು ತೋರಿಸಿಕೊಳ್ಳಿ.

ಎಷ್ಟು ದೊಡ್ಡದು ಬೇಕು?

ಈ ಪ್ರಯೋಗ ಟಿ.ವಿ. ಆರಿಸಲು ನೆರವಾಗುತ್ತದೆ. ಟಿ.ವಿ.ಯ ಇಂಚು ಎಂದರೆ ಪರದೆಯ ಕರ್ಣದ ಅಳತೆ, ಒಂದು ಮೂಲೆಯಿಂದ ಎದುರು ಮೂಲೆಗೆ. 43 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲಿ ಒಂದು ಚುಕ್ಕಿ ಸುಮಾರು ಅರ್ಧ ಮಿ.ಮೀ. ಹಾಗಾದರೆ ಸುಮಾರು 1.7 ಮೀಟರ್ ಆಚೆ ಕುಳಿತರೆ ಅದರ ಚುಕ್ಕಿಗಳು ಕಣ್ಣಿಗೆ ಬೇರೆಯಾಗಿ ತೋರುವುದಿಲ್ಲ. ಅದೇ ಗಾತ್ರದ 4ಕೆ ಟಿ.ವಿ. ತಂದರೂ ಅಲ್ಲಿಂದ ನೋಡುವವರಿಗೆ ಚುಕ್ಕಿಗಳ ಲಾಭ ಸಿಗದು. 32 ಇಂಚಿನ ಪರದೆಯಲ್ಲಿ ಎಸ್‌ಡಿ ಗೆರೆಯೊಂದರ ದಪ್ಪ ಸುಮಾರು 0.7 ಮಿ.ಮೀ. ಅದು ಬೆರೆಯುವ ದೂರ ಸುಮಾರು 2.4 ಮೀಟರ್. ಹತ್ತು ಅಡಿ, ಅಂದರೆ 3 ಮೀಟರ್ ದೂರ ಕೂರುವ ಮನೆಯಲ್ಲಿ 32 ಇಂಚಿನ ಟಿ.ವಿ. ಇದ್ದರೆ ಎಸ್‌ಡಿಗೂ ಎಚ್‌ಡಿಗೂ ಅಂತರ ತೀರ ಕಡಿಮೆ ಎನ್ನಿಸುತ್ತದೆ.

ಮೂರು ಮನೆ, ಮೂರು ದಾರಿ

ಮೂರು ಮನೆಗಳನ್ನು ಊಹಿಸಿಕೊಳ್ಳಿ.

ಔರಾದ್ ತಾಲ್ಲೂಕಿನ ಹಳ್ಳಿಯ ಮನೆಯಲ್ಲಿ ಫ್ರೀ ಡಿಶ್ ಇದೆ, ನೆಟ್ ದುರ್ಬಲ. ಇವರಿಗೆ 32 ಇಂಚಿನ ಎಚ್‌ಡಿ ರೆಡಿ ಟಿ.ವಿ. ಸಾಕು. ದೊಡ್ಡ 4ಕೆ ತಂದರೆ ಎಸ್‌ಡಿ ಚಿತ್ರವೇ ಹಿಗ್ಗಿ ಮಸುಕಾಗುತ್ತದೆ. ಉಳಿದ ಹಣ ಬೀಜಕ್ಕೋ ಪುಸ್ತಕಕ್ಕೋ ಆದೀತು.

ಭಾಲ್ಕಿ ಪಟ್ಟಣದ ಮನೆಯಲ್ಲಿ ಫುಲ್ ಎಚ್‌ಡಿ ಟಿ.ವಿ. ಆಗಲೇ ಇದೆ, ಕೇಬಲ್ ಬಾಕ್ಸ್ ಹಳೆಯದು. ಇವರು ಹೊಸ ಟಿ.ವಿ. ಕೊಳ್ಳಬೇಕಿಲ್ಲ. ಎಚ್‌ಡಿ ಬಾಕ್ಸ್, ಒಂದು ಎಚ್‌ಡಿಎಂಐ ತಂತಿ, ಎರಡು ಮೂರು ಎಚ್‌ಡಿ ವಾಹಿನಿ ಸಾಕು.

ಬೀದರ್ ನಗರದ ಮನೆಗೆ ತಂತಿಯ ವೇಗದ ಇಂಟರ್‌ನೆಟ್ ಇದೆ, ನೋಡುವವರು ಎರಡು ಮೀಟರ್ ದೂರ ಕೂರುತ್ತಾರೆ. ಇವರಿಗೆ 43 ಇಂಚಿನ ಫುಲ್ ಎಚ್‌ಡಿ ಸರಿ.

ಅಂಗಡಿಯಲ್ಲಿ ಕೇಳಿ

ಅಂಗಡಿಯ ಆ ನವಿಲು ಪೆನ್ ಡ್ರೈವ್‌ನಿಂದ ಬರುವ, ಪ್ರದರ್ಶನಕ್ಕೆಂದೇ ತೆಗೆದ ವಿಡಿಯೋ ಆಗಿರಬಹುದು. “ಕಾಕಾ, ಮನೆಯಲ್ಲಿ ನಾವು ನೋಡುವ ಸಾದಾ ವಾಹಿನಿ ಹಚ್ಚಿ ತೋರಿಸ್ರಿ” ಎಂದು ಕೇಳಿ. ಪರದೆಯ ಚುಕ್ಕಿಗಳೆಷ್ಟು, ಎಚ್‌ಡಿಎಂಐ ಕಿಂಡಿಗಳೆಷ್ಟು, ರಿಪೇರಿ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿ. ವಿದ್ಯುತ್ ಉಳಿತಾಯದ ನಕ್ಷತ್ರದ ಚೀಟಿ ನೋಡಿ. 50 ವ್ಯಾಟ್‌ನ ಟಿ.ವಿ.ಯನ್ನು ದಿನಕ್ಕೆ 4 ಗಂಟೆ ಹಚ್ಚಿದರೆ 5 ದಿನಕ್ಕೆ 1 ಯೂನಿಟ್ ಖರ್ಚು. ರಸೀದಿ, ಗ್ಯಾರಂಟಿ ಕಾರ್ಡ್ ಮರೆಯಬೇಡಿ.

ಹಳೆಯ ಕಾರ್ಯಕ್ರಮಗಳ ಚಿತ್ರ 4:3ರ ಆಕಾರದ್ದು. ಹೊಸ ಪರದೆ 16:9. ಮುಖಗಳು ದಪ್ಪಗೆ ಕಂಡರೆ ಚಿತ್ರವನ್ನು ಎಳೆದು ತುಂಬಿಸಲಾಗಿದೆ ಎಂದರ್ಥ. ರಿಮೋಟ್‌ನಿಂದ ಚಿತ್ರದ ಆಕಾರ ಸರಿಪಡಿಸಬಹುದು. ಇದಕ್ಕೆ ಖರ್ಚಿಲ್ಲ!

ನೀವೇ ಪರೀಕ್ಷಿಸಿ

1. ನಿಮ್ಮ ಮನೆಯ ಟಿ.ವಿ.ಗೆ ಬಾಕ್ಸ್‌ನಿಂದ ಬರುವ ತಂತಿ ಯಾವುದು? ಟಿ.ವಿ. ಆರಿಸಿ, ಸ್ವಿಚ್ ತೆಗೆದ ಮೇಲೆ ದೊಡ್ಡವರ ಜೊತೆ ನೋಡಿ.
2. ಕೂರುವ ಜಾಗದಿಂದ ಪರದೆಗೆ ಎಷ್ಟು ಮೀಟರ್?
3. ಯಾವ ವಾಹಿನಿಗೆ ಎಷ್ಟು ಹಣ ಹೋಗುತ್ತಿದೆ? ಅದನ್ನು ಯಾರಾದರೂ ನೋಡುತ್ತಿದ್ದಾರೆಯೇ?
4. ನಿಮ್ಮ ಓಣಿಯ ಡಿಶ್‌ಗಳು ಯಾವ ದಿಕ್ಕಿಗಿವೆ? ದಿಕ್ಸೂಚಿ ಹಿಡಿದು ಬರೆದುಕೊಳ್ಳಿ.

ಉತ್ತರಗಳನ್ನು ತರಗತಿಗೆ ತನ್ನಿ, ಎಲ್ಲರೂ ಸೇರಿ ಪಟ್ಟಿ ಮಾಡಿ. ಮನೆಯಲ್ಲಿ ಮುಂದೆ ಹೊಸ ಟಿ.ವಿ.ಯ ಮಾತು ಬಂದಾಗ ಈ ಪಟ್ಟಿಯನ್ನು ಅಪ್ಪ ಅವ್ವನ ಮುಂದಿಡಿ. ಐದು ಕೊಂಡಿಗಳಲ್ಲಿ ಸಡಿಲವಾದದ್ದು ಯಾವುದೆಂದು ಮೊದಲು ಹುಡುಕಿ, ಹಣವನ್ನು ಅದಕ್ಕೇ ಹಾಕಿ.