ಸೊನ್ನೆಯೋ, ಸೋಲೋ?

ಲಸಿಕೆಗಳನ್ನಿಟ್ಟ ಶೀತಕದ ಉಷ್ಣತೆಯನ್ನು ಅಳೆಯುವ ಗಣಕ ಪ್ರೋಗ್ರಾಮು ‘೦’ ಎಂದು ತಿಳಿಸಿತೆನ್ನೋಣ. ಅದು ನಿಜವಾದ ಉಷ್ಣತೆಯೇ, ಅಥವಾ ಮಾಪಕವು ಕೆಟ್ಟಿರುವುದರ ಗುರುತೇ? ಒಂದೇ ಸಂಖ್ಯೆಯು ಎರಡು ಅರ್ಥಗಳನ್ನು ಹೊತ್ತರೆ ಲಸಿಕೆಗಳೇ ಹಾಳಾದಾವು.

ಗಣಿತದ ಫಲನಗಳನ್ನು ಆಧರಿಸಿ ೧೯೯೦ರಲ್ಲಿ ಪ್ರಕಟವಾದ ‘ಹ್ಯಾಸ್ಕೆಲ್’ ಎಂಬ ಗಣಕಭಾಷೆಯಲ್ಲಿ ಇದಕ್ಕೊಂದು ರೂಢಿಯಿದೆ. ಫಲಿತಾಂಶವನ್ನು ‘ಈದರ್’ ಎಂಬ ಪೆಟ್ಟಿಗೆಯಲ್ಲಿಟ್ಟು ಕೊಡುತ್ತೇವೆ. ಕಾರ್ಯ ಸಫಲವಾದರೆ ಅದರಲ್ಲಿ ‘ರೈಟ್’ ಎಂಬ ಚೀಟಿಯೊಡನೆ ಬೆಲೆ. ವಿಫಲವಾದರೆ ‘ಲೆಫ್ಟ್’ ಎಂಬ ಚೀಟಿಯೊಡನೆ ದೋಷದ ಕಾರಣ. ಇಂಗ್ಲಿಷಿನಲ್ಲಿ ‘ರೈಟ್’ ಎಂದರೆ ಬಲವೂ ಹೌದು, ಸರಿಯೂ ಹೌದು!

ಪೆಟ್ಟಿಗೆಯನ್ನೇ ಸಂಖ್ಯೆಯೆಂದು ಭಾವಿಸಿ ಕೂಡಲು ಹೊರಟರೆ, ಪ್ರೋಗ್ರಾಮು ನಡೆಯುವ ಮೊದಲೇ ಕಂಪೈಲರು ತಡೆಯುತ್ತದೆ. ಚೀಟಿಯನ್ನು ನೋಡಿಯೇ ಒಳಗಿನದನ್ನು ತೆಗೆಯಬೇಕು. ಆದರೆ ‘ಲೆಫ್ಟ್’ ಬಂದಾಗ ಏನು ಮಾಡಬೇಕೆಂಬುದನ್ನು ನಿರ್ಧರಿಸುವ ಹೊಣೆ ನಮ್ಮದೇ.