ತೇರಿನ ಬೀದಿಯಲ್ಲಿ ಆಲ್ಟರ್ನೇಟರ್

ಕೊಟ್ಟೂರಿನ ರಥೋತ್ಸವದಂತಹ ಜನಸಂದಣಿಯಲ್ಲಿ ಧ್ವನಿವರ್ಧಕಗಳನ್ನು ಹೊತ್ತ ವಾಹನವು ಆಮೆಯ ನಡಿಗೆಯಲ್ಲಿ ಸಾಗಬೇಕಾಗುತ್ತದೆ. ಎಂಜಿನ್ ಓಡುತ್ತಿದ್ದರೂ ಬ್ಯಾಟರಿಯು ಬರಿದಾಗುವುದೇಕೆ? ನಾವು ಲೆಕ್ಕ ಹಾಕಿ ನೋಡೋಣ.

ಆಂಪ್ಲಿಫೈಯರ್ 14 ವೋಲ್ಟಿನಲ್ಲಿ ಸತತವಾಗಿ 1,120 ವಾಟ್ ಸೆಳೆದರೆ ಪ್ರವಾಹವು 80 ಆಂಪಿಯರ್. ವಾಹನದ ದೀಪಾದಿಗಳಿಗೆ 30 ಎಂದಿಟ್ಟುಕೊಂಡರೆ ಒಟ್ಟು 110. ಎಂಜಿನ್ನಿನ ಬೆಲ್ಟಿನಿಂದ ತಿರುಗುವ 120 ಆಂಪಿಯರಿನ ಆಲ್ಟರ್ನೇಟರ್ ಸಾಕೆಂದು ತೋರುತ್ತದೆ. ಆದರೆ 1831ರಲ್ಲಿ ಫ್ಯಾರಡೆ ಕಂಡುಹಿಡಿದಂತೆ, ಕಾಂತಕ್ಷೇತ್ರವು ನಿಧಾನವಾಗಿ ಬದಲಾದಷ್ಟೂ ಪ್ರೇರಿತ ವಿದ್ಯುತ್ತು ಕಡಮೆ. ಎಂಜಿನ್ನಿನ ಮಂದಗತಿಯಲ್ಲಿ ಆಲ್ಟರ್ನೇಟರ್ 60 ಆಂಪಿಯರನ್ನಷ್ಟೇ ಕೊಟ್ಟರೆ, ಉಳಿದ 50ನ್ನು ಬ್ಯಾಟರಿಯೇ ತೆರಬೇಕು. 100 ಆಂಪಿಯರ್-ಗಂಟೆಯ ಬ್ಯಾಟರಿಯು ಎರಡು ಗಂಟೆಗಳಲ್ಲಿ ಬರಿದು.

ಆದ್ದರಿಂದ ಆರಿಸುವಾಗ ಗರಿಷ್ಠ ಅಂಕಿಗೆ ಮರುಳಾಗದೆ, ಮಂದಗತಿಯಲ್ಲಿ ದೊರೆಯುವ ಪ್ರವಾಹವೆಷ್ಟೆಂದು ವಿಚಾರಿಸಬೇಕು.